ಖರ್ಚಿನ ಪಟ್ಟಿಯಲ್ಲಿ ರಾಗಿ ಇರಲಿಲ್ಲ

ಎರಡು ವರ್ಷದ ಹಿಂದೆ, ನನ್ನ ಅಕ್ಕ ಜಯಂತಿಯ ಹನ್ನೊಂದನೇ ದಿನದ ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಶುರುವಾದದ್ದು ಇದು. ನೆಂಟರು ಇನ್ನೂ ಹೊರಟಿರಲಿಲ್ಲ. ಬಾಡಿಗೆಗೆ ತಂದ ಪಾತ್ರೆಗಳನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದರು.

ನಮ್ಮದು ಮದ್ದೂರು ತಾಲ್ಲೂಕು ಕೊಪ್ಪದ ಹತ್ತಿರದ ಒಂದು ಹಳ್ಳಿ. ನಾವು ಚಿಕ್ಕವರಿದ್ದಾಗಲೇ ಅಪ್ಪ ಹೋದರು. ಅವ್ವ, ಅಕ್ಕ, ನಾನು, ಮೂವರೇ. ಎರಡು ಎಕರೆ ಗದ್ದೆ, ರಾಗಿಗೆ ಸ್ವಲ್ಪ ಹೊಲ, ಬದುವಿನ ಮೇಲೆ ತೆಂಗು, ಎರಡು ಹಸು. ಅಕ್ಕನೂ ನಾನೂ ಪಿಯುಸಿ ಮುಗಿಸಿ ಮದ್ದೂರಿನ ಹತ್ತಿರದ ಗಾರ್ಮೆಂಟ್ಸಿಗೆ ಹೊಲಿಗೆಗೆ ಹೋಗುತ್ತಿದ್ದೆವು. ಒಂದೇ ಬಸ್ಸು, ಅಕ್ಕಪಕ್ಕದ ಮಿಷನ್ನು.

ತಮಿಳುನಾಡಿನ ತಿರುಪ್ಪೂರಿನಲ್ಲಿ ಒಂದು ಕಂಪನಿಯವರು ಅನುಭವ ಇರುವವರನ್ನು ಹೆಚ್ಚು ಸಂಬಳಕ್ಕೆ ತೆಗೆದುಕೊಳ್ಳುತ್ತಿದ್ದಾರೆ ಎಂದು ತಿಳಿದಾಗ, ಹೋಗೋಣ ಎಂದವಳು ಅಕ್ಕ. ನನಗೆ ಭಯ. ಊಟದ ಬಿಡುವಿನಲ್ಲಿ ಅವಳು ಒಂದು ಹಾಳೆಯ ಮೇಲೆ ತಿಂಗಳ ಖರ್ಚಿನ ಪಟ್ಟಿ ಬರೆದಳು. ಬಾಡಿಗೆ, ಗ್ಯಾಸು, ಕರೆಂಟು, ಅಕ್ಕಿ, ಬೇಳೆ, ಎಣ್ಣೆ. ಎಲ್ಲವನ್ನೂ ಇಬ್ಬರಿಗೆ ಎಂದು ಬರೆದು, ಅರ್ಧ ಮಾಡಿ, ತಲಾ ಇಷ್ಟು ಎಂದು ತೆಗೆದಳು.

“ನೋಡೇ, ಇಬ್ರೂ ಸೇರಿದ್ರೆ ರಾಣೀರ್ ತರ ಇರ್ಬೌದು” ಅಂದಳು.

ಹೊರಡಲು ಒಂದು ತಿಂಗಳು ಇರುವಾಗ ಜ್ವರ ಬಂದು ಮಲಗಿದಳು. ಆರನೇ ದಿನ ಹೋಗಿಬಿಟ್ಟಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ತಿಥಿಯ ಮಾರನೆಯ ದಿನ ಕಿರುಗಾವಲಿನ ಸೋದರಮಾವ ಜಗುಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಾ, “ಇನ್ನು ಆ ತಿರುಪ್ಪೂರು ಗಿರುಪ್ಪೂರು ಎಲ್ಲ ಬುಟ್ಬುಡು ಮಗ. ಬೆಳಕವಾಡಿ ಕಡೆ ಒಂದು ಗಂಡು ಅದೆ, ಮಾತಾಡ್ತೀನಿ” ಅಂದರು.

“ಇಲ್ಲ ಮಾವ, ನಾನು ಹೋಗ್ತೀನಿ.”

ಬಾಯಿಂದ ಬರುವವರೆಗೆ ಆ ಮಾತು ನನ್ನೊಳಗಿರುವುದು ನನಗೇ ಗೊತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

“ಅದೇನೋ ಲೆಕ್ಕ ಹಾಕಿದ್ರಂತಲ್ಲ, ತಂದು ಓದು ನೋಡವ” ಅಂದರು ಮಾವ.

ಒಳಗಿನಿಂದ ತಂದು ಓದಿದೆ. ಅಕ್ಕನ ಅಕ್ಷರ. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಇದ್ರಲ್ಲಿ ರಾಗಿ ಎಲ್ಲವ್ವ?”

ಹಾಳೆ ನೋಡಿದೆ. ಇರಲಿಲ್ಲ.

“ಹಾಲು? ತೆಂಗಿನ್ಕಾಯಿ?”

ಅವೂ ಇರಲಿಲ್ಲ. ಮಾವನ ಪಕ್ಕದಲ್ಲಿದ್ದ ಅತ್ತೆ ನಕ್ಕೇ ಬಿಟ್ಟರು. “ಅಯ್ಯೋ ನಮ್ಮವ್ವ, ತಿರುಪ್ಪೂರಲ್ಲೂ ಗದ್ದೆ ಮಾಡಿದ್ದೀರೇನ್ರೇ? ಹಸ ಎಲ್ಲಿ ಕಟ್ಟೀರಿ, ತಾರ್ಸಿ ಮ್ಯಾಲಾ?”

ಹನ್ನೊಂದು ದಿನ ಅತ್ತ ಮನೆಯಲ್ಲಿ ಎಲ್ಲರೂ ನಕ್ಕರು. ತಪ್ಪು ನಮ್ಮದೇ. ಹುಟ್ಟಿದಾಗಿನಿಂದ ನಾವು ರಾಗಿಯನ್ನು ಕೊಂಡವರಲ್ಲ. ಹಾಲನ್ನು ಡೈರಿಗೆ ಹಾಕಿದರೆ ಎಷ್ಟು ಕೊಡುತ್ತಾರೆ ಎಂಬುದು ಗೊತ್ತಿತ್ತು. ಅದೇ ಹಾಲನ್ನು ಪೇಟೆಯವರು ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಕೇಳಿದವರಲ್ಲ. ಮನೆಯಲ್ಲಿ ಬೆಳೆದದ್ದಕ್ಕೆ ಬೆಲೆ ಇದೆ ಎಂಬುದೇ ಹೊಳೆದಿರಲಿಲ್ಲ. ರಾಗಿಯನ್ನಾದರೂ ಹೊತ್ತುಕೊಂಡು ಹೋಗುತ್ತೇನೆ ಅನ್ನಬಹುದಿತ್ತು. ಹಾಲನ್ನು ಹೇಗೆ ಹೊರುವುದು?

ನಗು ನಿಂತ ಮೇಲೆ ಮಾವ, “ಪಾಪ, ಅವ್ಳಿಗೆ ಲೆಕ್ಕ ಬತ್ತಿರ್ನಿಲ್ಲ ಬುಡು” ಅಂದರು.

ನನ್ನನ್ನು ನೋಡಿ ನಕ್ಕಿದ್ದರೆ ಸುಮ್ಮನಿರುತ್ತಿದ್ದೆ. ನಾನು ಜಾಸ್ತಿ ಮಾತಾಡುವವಳಲ್ಲ. ಅಂದು ಮಾತ್ರ, “ಲೆಕ್ಕ ತಪ್ಪಿದ್ರೆ ನಾನು ತಿದ್ಕೋತೀನಿ ಮಾವ. ಅಕ್ಕನ್ನ ಏನೂ ಅನ್ಬೇಡಿ” ಅಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಆಗ ಬಾಯಿ ತೆರೆದಳು. “ಒಬ್ಬಳ್ನ ಮಣ್ಣಿಗೆ ಕೊಟ್ಟಿವ್ನಿ. ಇನ್ನೊಬ್ಬಳ್ನ ತಮಿಳ್ನಾಡಿಗೆ ಕೊಡ್ಲಾ?”

ನಾನು ಹಾಳೆಯನ್ನು ಮಡಚಿ ಕೈಯಲ್ಲಿಟ್ಟುಕೊಂಡೆ.

ಮಾರನೆಯ ದಿನ ಮದ್ದೂರಿಗೆ ಹೋಗಿ, ನಾವು ಬೇಳೆ, ಎಣ್ಣೆ ತರುತ್ತಿದ್ದ ಖಾದರ್ ಸಾಹೇಬರ ದಿನಸಿ ಅಂಗಡಿಯಲ್ಲಿ ನಿಂತೆ. ರಾಗಿಹಿಟ್ಟಿಗೆ ಎಷ್ಟು, ಅರ್ಧ ಲೀಟರ್ ಹಾಲಿಗೆ ಎಷ್ಟು, ತೆಂಗಿನಕಾಯಿಗೆ ಎಷ್ಟು ಎಂದು ಒಂದೊಂದಾಗಿ ಕೇಳಿದೆ.

“ಏನಮ್ಮ ಇದು? ಕೊಪ್ಪದ ಕಡೆಯೋಳು ಬಂದು ನನ್ನ ತೆಂಗಿನಕಾಯಿ ರೇಟು ಕೇಳ್ತೀಯಲ್ಲ! ನಿಮ್ಮೂರಿಂದಾನೇ ಕಣಮ್ಮ ನಮಗೆ ಬರೋದು” ಎಂದು ನಕ್ಕರು. ವಿಷಯ ಹೇಳಿದೆ. “ಎಷ್ಟು ಜನಕ್ಕೆ?” ಅಂದರು.

“ಒಬ್ಬಳಿಗೆ.”

ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಅಕ್ಕ ಹೋದ ಸುದ್ದಿ ಅವರಿಗೆ ಗೊತ್ತಿತ್ತು. ತೂಗುತ್ತಿದ್ದ ಸಕ್ಕರೆಯನ್ನು ಹಾಗೇ ಬಿಟ್ಟು, ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡರು.

“ಇಬ್ಬರದ್ದ ಅರ್ಧ ಮಾಡಿದ್ರೆ ಒಬ್ಬಳದ್ದು ಆಗಲ್ಲ ಕಣಮ್ಮ. ಅಕ್ಕಿ ಬೇಳೆ ಅರ್ಧ ಆಯ್ತದೆ. ಬಾಡಿಗೆ ಅರ್ಧ ಆಯ್ತದಾ? ಒಬ್ಬಳೇ ಇದ್ದಾಳೆ ಅಂತ ಬಲ್ಬು ಅರ್ಧ ಉರೀತದಾ?” ಅಂದರು. ಆಮೇಲೆ ಪೆನ್ನು ಕೊಟ್ಟು ಬರೆಸಿದರು. “ಇಲ್ಲಿ ಹೆಂಗಸ್ರಿಗೆ ಬಸ್ಸು ಪುಕ್ಕಟೆ. ಅಲ್ಲಿಂದ ಊರಿಗೆ ಬರಕ್ಕೆ ಗಡಿ ತಂಕ ಟಿಕೆಟ್ ತಗೋಬೇಕು, ಬರಿ. ರೇಷನ್ ಕಾರ್ಡು ಅವ್ವನ ಹತ್ರಾನೇ ಇರ್ತದೆ, ಅಕ್ಕಿ ಪೂರ್ತಿ ದುಡ್ಡಿಗೆ, ಬರಿ. ಮನೆಗೆ ಅಡ್ವಾನ್ಸು. ಮೊದಲ್ನೇ ಸಂಬಳ ಕೈಗೆ ಬರೋ ತಂಕ ನಲವತ್ತು ದಿನ ಏನು ತಿಂತೀಯ? ಅದನ್ನೂ ಬರಿ.”

ಬಸ್ಸಿನಲ್ಲಿ ಕುಳಿತು ಕೂಡಿದೆ. ಒಂದು ತಿಂಗಳ ಸಂಬಳದಲ್ಲಿ ಉಳಿಯುವುದು ಎಂಟುನೂರು ರೂಪಾಯಿ. ಒಂದು ಸಲ ಜ್ವರ ಬಂದರೆ ಅದೂ ಇಲ್ಲ.

ಮಾವನಿಗೆ ಮುಚ್ಚಿಡದೆ ತೋರಿಸಿದೆ.

“ಎಂಟ್ನೂರು ರೂಪಾಯಿಗೆ ರಾಜ್ಯ ಬುಟ್ಟು ಓಯ್ತಾರೇನವ್ವ?”

“ಎಂಟು ರೂಪಾಯಿ ಉಳಿದ್ರೂ ಹೋಗ್ತೀನಿ.”

ಹಟ ಎಂದರು. ಹಟವೇ. ನಾನು ಊರಿನಲ್ಲಿ ಉಳಿದಿದ್ದರೆ ಅಕ್ಕನ ಆಸೆಯನ್ನು ಲೆಕ್ಕ ಬಾರದವಳ ಹುಚ್ಚು ಎಂದು ಎಲ್ಲರೂ ಮರೆತುಬಿಡುತ್ತಿದ್ದರು. ಅದಕ್ಕೆ ನಾನು ಒಪ್ಪಲಿಲ್ಲ. ಹೊರಡುವ ದಿನ ಅವ್ವ ಕೊಟ್ಟಿಗೆಯಿಂದ ಈಚೆಗೆ ಬರಲಿಲ್ಲ. ಬಾಗಿಲಲ್ಲಿ ನಿಂತು, “ಹೋಗ್ಬತ್ತೀನಿ ಅವ್ವ” ಅಂದೆ. ಹಸುವಿನ ಮೈ ತೊಳೆಯುತ್ತಲೇ ಇದ್ದಳು.

ತಿರುಪ್ಪೂರಿನಲ್ಲಿ ಒಂದು ಕೋಣೆ, ಒಂದು ಒಲೆ. ತಿದ್ದಿದ ಪಟ್ಟಿಯೂ ಸಾಲಲಿಲ್ಲ. ಕುಡಿಯುವ ನೀರನ್ನು ಕ್ಯಾನಿನಲ್ಲಿ ಕೊಳ್ಳಬೇಕೆಂದು ಖಾದರ್ ಸಾಹೇಬರಿಗೂ ಗೊತ್ತಿರಲಿಲ್ಲ. ಮೊದಲ ತಿಂಗಳು ಇಪ್ಪತ್ತೆರಡನೇ ತಾರೀಕಿಗೆ, ಉಳಿಸಿ ತಂದಿದ್ದ ದುಡ್ಡಿನಲ್ಲಿ ನೂರು ಚಿಲ್ಲರೆ ಉಳಿದಿತ್ತು. ಹಾಲು ಬಿಟ್ಟೆ. ಎರಡು ಹಸುವಿನ ಮನೆಯಿಂದ ಬಂದವಳು ಕರಿ ಟೀ ಕುಡಿದು ಕೆಲಸಕ್ಕೆ ಹೋದೆ. ಹೆಚ್ಚಿನ ದುಡ್ಡಿಗೆ ಭಾನುವಾರವೂ ಓಟಿ ಮಾಡಿದೆ.

ಆ ವಾರವೇ ನಮ್ಮ ಮನೆಯಿಂದ ಮಾವ ಫೋನು ಮಾಡಿದರು. “ಎಂಗವ್ವ, ಸಾಲ್ತದಾ?”

ಆ ದನಿಯಲ್ಲಿ ಹಂಗಿಸುವುದು ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಕಷ್ಟವಾಯಿತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಸಾಲಲ್ಲ ಮಾವ.”

“ಮತ್ತೆ? ಬಸ್ಸತ್ತಿ ಬಂದ್ಬುಡು. ಇಲ್ಲ ಅಂದ್ರೆ ನಾನೇ ಬತ್ತೀನಿ ಕರ್ಕೊಂಡೋಗಕೆ.”

“ಸಾಲಲ್ಲ. ಬರಲ್ಲ.”

ಮಾವನ ಹಿಂದಿನಿಂದ ಅವ್ವನ ದನಿ ಸಣ್ಣಗೆ ಕೇಳಿಸಿತು. “ಉಂಡ್ಲಂತಾ, ಕೇಳಣ್ಣ.”

ಹೊರಟ ದಿನದಿಂದ ಅವಳ ದನಿ ಕೇಳಿದ್ದು ಅದೇ ಮೊದಲು. ಉಂಡೆ ಎಂದು ಹೇಳಿ ಎಂದೆ. ಫೋನು ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಅತ್ತೆ. ತಿಥಿಯ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಕೊಡುತ್ತಾ ಓಡಾಡಿದ್ದೆ, ಅಳುವುದಕ್ಕೆ ಬಿಡುವೇ ಸಿಕ್ಕಿರಲಿಲ್ಲ. ಪಕ್ಕದ ಮನೆಯಾಕೆ ಬಾಗಿಲು ತಟ್ಟಿ ತಮಿಳಿನಲ್ಲಿ ಏನೋ ಕೇಳಿದರು. ಕನ್ನಡದಲ್ಲಿ, ಅಕ್ಕ ಸತ್ತಳು ಎಂದೆ. ಆಕೆಗೆ ಅರ್ಥವಾಯಿತು.

ನಾಲ್ಕನೇ ತಿಂಗಳಿಗೆ ಖರ್ಚು ಹತೋಟಿಗೆ ಬಂತು. ಈಗ ಊರಿನ ಕಡೆಯ ಹೆಣ್ಣುಮಕ್ಕಳು ಫೋನು ಮಾಡಿ ಅಲ್ಲಿ ಎಷ್ಟು ಬೇಕಾಗುತ್ತದೆ ಅಕ್ಕ ಎಂದು ಕೇಳಿದರೆ, ಪೈಸೆಪೈಸೆಯ ಲೆಕ್ಕ ಹೇಳುತ್ತೇನೆ. ಮೊದಲ ಮೂರು ತಿಂಗಳು ಸಾಲುವುದಿಲ್ಲ, ಹೆದರಿ ವಾಪಸ್ ಹೋಗಬೇಡಿ ಎಂದೂ ಹೇಳುತ್ತೇನೆ. ಅವ್ವ ಇನ್ನೂ ಇಲ್ಲಿಗೆ ಬಂದಿಲ್ಲ. ಬರುವುದಿಲ್ಲ ಎನ್ನುತ್ತಾಳೆ. ಭಾನುವಾರ ಮಾತ್ರ ತಪ್ಪದೆ ಮಾತಾಡುತ್ತಾಳೆ.

ಅಕ್ಕ ಈ ಊರನ್ನು ನೋಡಲಿಲ್ಲ. ಆ ದುಃಖ ನನಗೆ ದಿನವೂ ಇದೆ. ನಾನು ಬಂದುಬಿಟ್ಟೆನಲ್ಲ ಎಂಬ ದುಃಖ ಒಂದು ದಿನವೂ ಆಗಿಲ್ಲ.