ನಮ್ಮ ಭಾವನ ವೇರಿಯಾಕ್

ನಮ್ಮ ಭಾವ ಮುನಿಸ್ವಾಮಪ್ಪನವರ ಬಗ್ಗೆ ಸಮಾಧಾನವಾಗಿ ಬರೆಯೋಣವೆಂದು ಕೂತರೆ ಮೊದಲ ಸಾಲಿಗೇ ನನಗೆ ಮೈ ಉರಿಯುತ್ತದೆ. ಒಳ್ಳೆಯವರು, ಕೆಲಸ ಬಲ್ಲವರು, ಯಾರಿಗೂ ಮೋಸ ಮಾಡಿದವರಲ್ಲ. ಎಲ್ಲ ನಿಜ. ಆದರೆ ಅವರ ಹಟದ ಎದುರು ನಮ್ಮ ಮನೆಯ ಎಮ್ಮೆ ಎಷ್ಟೋ ವಾಸಿ. ಎಮ್ಮೆ ಹಿಂಡಿ ತೋರಿಸಿದರಾದರೂ ಜಾಗ ಬಿಟ್ಟು ಕದಲುತ್ತದೆ.

ಅವರು ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸಿನ ಎಲೆಕ್ಟ್ರಿಕ್ ವರ್ಕ್‌ಶಾಪಿನಲ್ಲಿ ಮೋಟರಿಗೆ ತಂತಿ ಸುತ್ತುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಒಂದು ವೈಂಡಿಂಗ್ ಅಂಗಡಿ ಇಟ್ಟರು. ಸುತ್ತಲ ಹಳ್ಳಿಯವರು ಸುಟ್ಟುಹೋದ ಪಂಪಿನ ಮೋಟರುಗಳನ್ನು ತಂದು ಹಾಕುತ್ತಾರೆ. ಮನೆ ನಡೆಯುವುದು ಅದರಿಂದ. ಆದರೆ ಭಾವನ ಜೀವವಿರುವುದು ಅಂಗಡಿಯ ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ವಾಲ್ವ್ ರೇಡಿಯೋ, ಗ್ರಾಮಫೋನ್, ಮೈಕ್‌ಸೆಟ್ಟಿನ ಆಂಪ್ಲಿಫೈಯರುಗಳಲ್ಲಿ. ಊರಲ್ಲಿ ಬಾವಿ ಬಳಿ ಜನ ಮೋಟರಿಗೆ ಕಾಯುತ್ತಿದ್ದರೆ ಇವರು ಸತ್ತ ರೇಡಿಯೋ ಎಬ್ಬಿಸುತ್ತ ಕೂತಿರುತ್ತಾರೆ.

ಎಬ್ಬಿಸಲು ಬೇಕಾದದ್ದೇ ವೇರಿಯಾಕ್. ದುಂಡಗಿನ ಕಬ್ಬಿಣದ ಸುತ್ತ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿರುತ್ತದೆ, ಮೇಲೊಂದು ತಿರುಗಣೆ. ತಿರುಗಣೆಯ ತುದಿಯ ಕಾರ್ಬನ್ ತುಂಡು ತಂತಿಯ ಮೇಲೆ ಉಜ್ಜಿಕೊಂಡು ಸರಿದ ಹಾಗೆಲ್ಲ ವೋಲ್ಟೇಜು ಸೊನ್ನೆಯಿಂದ ಮೇಲೇರುತ್ತದೆ. ವರ್ಷಗಟ್ಟಲೆ ಮಲಗಿದ್ದ ಸೆಟ್ಟಿಗೆ ಒಮ್ಮೆಲೇ ಗೋಡೆಯ ಕರೆಂಟು ಕೊಟ್ಟರೆ ಒಳಗಿನ ಒಣಗಿದ ಕಂಡೆನ್ಸರುಗಳು ಪಟಾಕಿಯ ಹಾಗೆ ಸಿಡಿಯುತ್ತವೆ. ಸ್ವಲ್ಪ ಕೊಟ್ಟು, ಕಾದು, ಮುಟ್ಟಿ ನೋಡಿ, ಮತ್ತೆ ಸ್ವಲ್ಪ ಕೊಡಬೇಕು. ಹಸಿದು ಬಿದ್ದವರಿಗೆ ಗಂಜಿ ಕುಡಿಸಿದ ಹಾಗೆ ಇದು.

ಭಾವ ತಮ್ಮ ವೇರಿಯಾಕನ್ನು ಉರಿಗಾಂನ ಗುಜರಿಯಲ್ಲಿ ಹುಡುಕಿ ತಂದಿದ್ದರು. ತುಕ್ಕು ಹಿಡಿದಿತ್ತು, ತಂತಿ ಸುಟ್ಟಿತ್ತು, ಕಾರ್ಬನ್ ಇರಲೇ ಇಲ್ಲ. ತುಕ್ಕು ಕೆರೆದು ಹೊಸ ತಂತಿ ಸುತ್ತಿದರು. ಕಾರ್ಬನ್ನಿಗೆ ಮಾತ್ರ ಬೀರುವಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಗಣಿ ಮುಚ್ಚುವಾಗ ಮೇಸ್ತ್ರಿ ನೆನಪಿಗೆಂದು ಕೊಟ್ಟಿದ್ದ, ದೊಡ್ಡ ಮೋಟರಿನ ಕಾರ್ಬನ್ನುಗಳು ಅದರಲ್ಲಿದ್ದವು.

"ಇದು ಗಣಿ ಕಾರ್ಬನ್ ಕಣ್ಲಾ ನರೇಶ. ಪಾತಾಳದಿಂದ ಮನುಷ್ಯರನ್ನ ಎತ್ತಿದ್ ಮೋಟರ್‌ದು. ಇದ್ಕೆ ಸಾವಿಲ್ಲ," ಎಂದು ನನಗೆ ಹೇಳಿದರು.

ಅದಕ್ಕೇನೋ ಸಾವಿರಲಿಲ್ಲ. ಸಾಯುತ್ತಿದ್ದದ್ದು ವೇರಿಯಾಕ್.

ಅದೇ ಸಮಯಕ್ಕೆ ಚಾಂಪಿಯನ್ ರೀಫ್ಸಿನಿಂದ ಕದಿರಮ್ಮ ಬಂದರು. ಅವರ ಯಜಮಾನರು ಅಲ್ಲಿನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆಲ್ಲ ಮೈಕ್‌ಸೆಟ್ ಹಾಕುತ್ತಿದ್ದವರು. ಅವರು ತೀರಿಕೊಂಡಾಗಿನಿಂದ ಸೆಟ್ ಮಂಚದ ಕೆಳಗೇ ಇತ್ತು. ಈಗ ಮೊಮ್ಮಗಳು ನವ್ಯಳ ಮದುವೆ, ಮನೆಯ ಮುಂದೆಯೇ ಶಾಮಿಯಾನ.

"ತಾಳಿ ಕಟ್ಟೋ ಒತ್ತಿಗೆ ಅವಳ ತಾತನ ಸೆಟ್ಟು ಒಂದ್ಸಲ ಮಾತಾಡ್ಬೇಕಪ್ಪಾ. ಇನ್ನೇನೂ ಬ್ಯಾಡ ನಂಗೆ. ಆ ಮಗೀಗೆ ತಾತ ಅಂದ್ರೆ ಪ್ರಾಣ," ಎಂದರು.

"ಮಾಡ್ಕೊಡ್ತೀನಕ್ಕಾ," ಎಂದರು ಭಾವ.

ಸೆಟ್ಟನ್ನು ವೇರಿಯಾಕಿಗೆ ಜೋಡಿಸಿ ತಿರುಗಣೆ ಅರ್ಧಕ್ಕೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಸೆಟ್ಟಿನದಲ್ಲ, ವೇರಿಯಾಕಿನದು. ಭಾವ ಕರೆಂಟನ್ನು ಬೈದರು. ತಂತಿ ಬಿಚ್ಚಿ ಬೇರೆ ತಂತಿ ಸುತ್ತಿದರು. ಮತ್ತೆ ಸುಟ್ಟಿತು. ತಂತಿ ಮಾರಿದವನನ್ನು ಬೈದರು, ವಾರ್ನಿಷ್ ಬದಲಾಯಿಸಿದರು. ಅದೂ ಸುಟ್ಟಿತು. ಮದುವೆ ಹತ್ತಿರ ಬರುತ್ತಿತ್ತು. ಮನೆಮನೆಗೆ ಹಾಲು ಹಾಕಿ ಅಂಗಡಿಗೆ ಹೋದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಬಿಚ್ಚಿದ ತಂತಿಯ ರಾಶಿ, ಅದರ ನಡುವೆ ಕೂತು ಹಲ್ಲು ಕಡಿಯುವ ಭಾವ.

"ಸೀದಾ ಪ್ಲಗ್ಗಿಗೆ ಆಕ್ಬಿಡಿ ಭಾವಾ, ಆಗಿದ್ದಾಗ್ಲಿ," ಎಂದೆ.

"ಎದ್ ಓಗ್ಲೇ ಆಚೆ!"

ಕಡೆಗೆ ಬಾಯಿ ಬಿಟ್ಟವಳು ನಮ್ಮಕ್ಕ ವೆಂಕಟರತ್ನಮ್ಮ. ಗಂಡನಿಗೆ ಊಟದ ಡಬ್ಬಿ ತಂದವಳು ಸುಟ್ಟ ತಂತಿ ನೋಡಿ ಹೇಳಿದಳು: "ತಂತಿ ಬದ್ಲಾಯ್ಸಿದ್ರಿ, ವಾರ್ನಿಷ್ ಬದ್ಲಾಯ್ಸಿದ್ರಿ, ಅಂಗಡಿಯವ್ನನ್ನೂ ಬದ್ಲಾಯ್ಸಿದ್ರಿ. ಆ ಕಾರ್ಬನ್ ಒಂದ್ನ ಯಾಕೆ ಬಿಟ್ರಿ?"

ಭಾವ ಊಟದ ಡಬ್ಬಿ ಮುಚ್ಚಿ ಎದ್ದು ಹೋದರು. ಒಂದು ವಾರ ಹಾಗೇ ಕಳೆಯಿತು. ಮದುವೆಗೆ ಇನ್ನೇನು ದಿನವಿಲ್ಲ ಎನ್ನುವಾಗ ನನಗೆ ಫೋನ್ ಮಾಡಿ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ವೇರಿಯಾಕಿನದೇ ಕಾರ್ಬನ್ ತಾ ಎಂದರು. ಯಾಕೆಂದು ಹೇಳಲಿಲ್ಲ. ಅಂಗಡಿಯವನೇ ನನಗೆ ತಿಳಿಸಿದ. ದೊಡ್ಡ ಮೋಟರಿನ ಕಾರ್ಬನ್ನಿನಲ್ಲಿ ತಾಮ್ರ ಬೆರೆತಿರುತ್ತದಂತೆ. ಅದು ಅಕ್ಕಪಕ್ಕದ ಸುತ್ತುಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತದೆ, ಅವು ಕಾದು ಸುಡುತ್ತವೆ. ರೈಲಿನಲ್ಲಿ ನಿಂತುಕೊಂಡೇ ವಾಪಸು ಬಂದೆ, ಬೈಗುಳಗಳನ್ನು ಜೋಡಿಸಿಕೊಳ್ಳುತ್ತ.

ಭಾವ ಇನ್ನೊಮ್ಮೆ ತಂತಿ ಸುತ್ತಿ ಮುಗಿಸಿದಾಗ ಮದುವೆಯ ದಿನ ಬೆಳಗಾಗಿತ್ತು. ಸೆಟ್ಟು, ವೇರಿಯಾಕು, ಭಾವ, ಅಕ್ಕ ಎಲ್ಲರನ್ನೂ ನನ್ನ ಹಾಲಿನ ಗಾಡಿಗೆ ಹೇರಿಕೊಂಡು ಚಾಂಪಿಯನ್ ರೀಫ್ಸಿಗೆ ಹೋದೆ. ಶಾಮಿಯಾನದ ಜನರೇಟರ್ ಕರೆಂಟು ಕುಣಿಯುತ್ತದೆ, ಬೇಡವೆಂದರು ಭಾವ. ಪಕ್ಕದ ಮನೆಯ ಜಗುಲಿಯಲ್ಲಿ ಸೆಟ್ಟು ಹೂಡಿ, ಕಹಳೆಯಂಥ ಹಾರ್ನನ್ನು ಸೂರಿಗೆ ಕಟ್ಟಿ, ತಿರುಗಣೆ ಹಿಡಿದು ಕೂತರು. ಈ ಸಲ ವಾಸನೆ ಬರಲಿಲ್ಲ. ಒಂದು ಗೆರೆ ಏರಿಸುವುದು, ಕಾಯುವುದು, ಕಂಡೆನ್ಸರ್ ಮುಟ್ಟುವುದು.

ಅರ್ಧ ದಾರಿಗೆ ಬಂದಾಗ ಕರೆಂಟು ಹೋಯಿತು. ಭಾವ ತಿರುಗಣೆಯನ್ನು ಸೊನ್ನೆಗೆ ತಂದರು. ಹೋದ ಕರೆಂಟು ಬರುವಾಗ ಜಿಗಿದು ಬರುತ್ತದೆ, ಹಾಗೇ ಬಿಟ್ಟರೆ ಸೆಟ್ಟು ಹೋಗುತ್ತದೆ, ಆದ್ದರಿಂದ ಮತ್ತೆ ಮೊದಲಿನಿಂದ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಕದಿರಮ್ಮ ಮೂರು ಸಲ ಬಂದು ಇಣುಕಿದರು. "ಇಂಕಾ ಎಂತ ಸೇಪಪ್ಪಾ? ಇನ್ನೂ ಎಷ್ಟೊತ್ತು?"

"ಇನ್ನೊಂಚೂರು ಅಕ್ಕಾ."

ಗಟ್ಟಿಮೇಳ ಕೇಳಿಸಿತು. ಬಾಡಿಗೆಯ ಡಿಜೆ ಡಬ್ಬಗಳು ಅಬ್ಬರಿಸಿದವು. ಭಾವ ತಲೆ ಎತ್ತಲಿಲ್ಲ, ತಿರುಗಣೆಯನ್ನು ಬೇಗ ತಿರುಗಿಸಲೂ ಇಲ್ಲ. ತಾಳಿ ಕಟ್ಟಿದ್ದಾಯಿತು, ಊಟವಾಯಿತು, ಹೆಣ್ಣನ್ನು ಕಳಿಸಿಕೊಟ್ಟಿದ್ದೂ ಆಯಿತು. ಶಾಮಿಯಾನದವರು ಬಟ್ಟೆ ಬಿಚ್ಚುತ್ತಿರುವಾಗ ವಾಲ್ವುಗಳು ಕೆಂಪಗಾದವು, ಹಾರ್ನು ಒಂದು ಸಲ ಗುರುಗುಟ್ಟಿತು.

ಅತ್ತು ಕಣ್ಣು ಊದಿದ್ದ ಕದಿರಮ್ಮ ಬಂದು ಮೈಕು ಎತ್ತಿಕೊಂಡರು. ಈಗ ಮಾನ ಕಳೆಯುತ್ತಾರೆ ಎಂದು ನಾನು ಕಾದೆ.

"ಬಂಗಾರಪೇಟೆ ಮುನಿಸಾಮಪ್ಪನವ್ರು ಬೆಳಗ್ಗಿಂದ ಊಟ ಮಾಡಿಲ್ಲ," ಎಂದು ಹಾರ್ನು ಲೈನಿಗೆಲ್ಲ ಸಾರಿತು. "ಎಲ್ಲಿದ್ರೂ ಪಂಕ್ತಿಗೆ ಬರ್ಬೇಕು."

ಭಾವ ಅವರ ಕಾಲಬುಡದಲ್ಲೇ ಕೂತಿದ್ದರು. ತಲೆ ತಗ್ಗಿಸಿಕೊಂಡೇ ಹೇಳಿದರು: "ಅಕ್ಕಾ, ಇದು ಕರೆಂಟಿನ ತಪ್ಪಲ್ಲ. ಗಣಿ ಕಾರ್ಬನ್ನೇ ಆಗ್ಬೇಕು ಅಂತ ನಾನ್ ಅಟ ಇಡಿದೆ. ತಪ್ಪು ನಂದು."

ಕದಿರಮ್ಮನ ಕೈಯಲ್ಲಿ ಮೈಕು ಹಾಗೇ ಇತ್ತು. ಭಾವ ಹುಟ್ಟಿದಂದಿನಿಂದ ಆಡದಿದ್ದ ಮಾತು ಸೂರಿನ ಹಾರ್ನಿನಿಂದ ಹೊರಟು ಸಾಲುಮನೆಗಳ ಮೇಲೆಲ್ಲ ಹೋಯಿತು. ಬಾಗಿಲುಗಳಲ್ಲಿ ತಲೆಗಳು ಕಂಡವು. ಪಾತ್ರೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

"ಆಯ್ತು, ಎದ್ದೇಳು. ಅನ್ನ ಆರ್ತದೆ," ಎಂದರು ಕದಿರಮ್ಮ. ಅದೂ ಮೈಕಿನಲ್ಲೇ.

ನಮ್ಮಕ್ಕ ಎಲೆ ಹಾಕಿ ಬಡಿಸಿದಳು. ಭಾವ ತುತ್ತು ಎತ್ತಲಾಗದೆ ಅತ್ತುಬಿಟ್ಟರು. ಗಣಿ ಮುಚ್ಚಿದ ದಿನವೂ ಅತ್ತವರಲ್ಲ ಅವರು. ನನಗೂ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಆ ಒಂದು ಮಾತನ್ನು ಒಂದು ವಾರ ಮೊದಲು ಅಕ್ಕನ ಮುಂದೆ ಆಡಿದ್ದರೆ, ಆ ಹುಡುಗಿ ತಾತನ ಸೆಟ್ಟಿನ ದನಿ ಕೇಳಿಕೊಂಡು ಗಂಡನ ಮನೆಗೆ ಹೋಗುತ್ತಿದ್ದಳು.