ಎಡಗಾಲಿನ ಪೆಡಲ್

ಸೈಕಲ್ ಪೆಡಲ್ ವಿಷಯದಲ್ಲಿ ನಮ್ಮ ಗುಂಪಿನವರು ಯಾರೂ ನನ್ನನ್ನು ಕೇಳದೆ ಮುಂದುವರಿಯುತ್ತಿರಲಿಲ್ಲ. ಇದು ಜಂಬವಲ್ಲ ಎಂದು ಬರೆಯಲು ಹೊರಟಿದ್ದೆ; ಜಂಬವೇ. ನಲವತ್ತೆಂಟನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಗೆ ಹೆದರಿ ಸೈಕಲ್ ಹತ್ತಿದವನು ನಾನು. ಎರಡೇ ವರ್ಷದಲ್ಲಿ ದೊಡ್ಡ ಪಂಡಿತನಾಗಿಬಿಟ್ಟೆ. ಭಾನುವಾರ ಬೆಳಿಗ್ಗೆ ವಿಜಯನಗರದಲ್ಲಿ ಸೇರಿ, ಮೈಸೂರು ರಸ್ತೆ ಹಿಡಿದು, ಕೆಂಗೇರಿ ದಾಟಿ, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ವಾಪಸು ಬರುವ ಹತ್ತು ಹನ್ನೆರಡು ಜನರ ಗುಂಪು ನಮ್ಮದು. ಹೊಸದಾಗಿ ಸೇರಿದವರು "ಸಾರ್, ಯಾವ ಪೆಡಲ್ ಹಾಕಿಸ್ಲಿ?" ಎಂದರೆ ಸಾಕು, ಅವರ ತಟ್ಟೆಯಲ್ಲಿನ ಇಡ್ಲಿ ತಣ್ಣಗಾಗುವವರೆಗೂ ನಾನು ಬಿಡುತ್ತಿರಲಿಲ್ಲ.

ಹೇಳುವುದೇನೂ ಬ್ರಹ್ಮವಿದ್ಯೆಯಲ್ಲ. ಹಾಲಿಗೆ, ತರಕಾರಿಗೆ, ಪಕ್ಕದ ಬೀದಿಗೆ ಹೋಗುವವರಿಗೆ ರಬ್ಬರ್ ಹೊದಿಸಿದ ಅಗಲವಾದ ಮಾಮೂಲಿ ಪೆಡಲ್ ಸಾಕು, ಚಪ್ಪಲಿಯಲ್ಲೂ ತುಳಿಯಬಹುದು. ಕಲ್ಲುಮಣ್ಣಿನ ದಾರಿ ಹಿಡಿಯುವವರಿಗೆ ಸಣ್ಣ ಸಣ್ಣ ಮೊಳೆ ಎದ್ದಿರುವ ಲೋಹದ ಪೆಡಲ್ ಒಳ್ಳೆಯದು. ಶೂ ಜಾರುವುದಿಲ್ಲ, ಆದರೆ ಕಾಲು ತಪ್ಪಿತೋ ಮೊಣಕಾಲ ಕೆಳಗಿನ ಚರ್ಮ ಕಿತ್ತು ಬರುತ್ತದೆ. ದೂರ ಹೋಗುವವರಿಗೆ ಕ್ಲಿಪ್ ಪೆಡಲ್. ಅದಕ್ಕೆ ಬೇರೆಯೇ ಶೂ ಬೇಕು. ಶೂ ಅಡಿಯಲ್ಲಿರುವ ಲೋಹದ ತುಂಡು ಪೆಡಲಿನ ಸ್ಪ್ರಿಂಗಿಗೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಏರು ಬಂದಾಗ ಕಾಲು ತುಳಿಯುವುದಷ್ಟೇ ಅಲ್ಲ, ಮೇಲಕ್ಕೆ ಎಳೆಯುವುದಕ್ಕೂ ಆಗುತ್ತದೆ. ಆ ರುಚಿ ಹತ್ತಿದವನಿಗೆ ಮಿಕ್ಕಿದ್ದೆಲ್ಲ ಸಪ್ಪೆ.

ಒಂದೇ ತೊಂದರೆ. ಸೈಕಲ್ ನಿಲ್ಲಿಸುವ ಮೊದಲೇ ಕಾಲು ಬಿಡಿಸಿಕೊಳ್ಳಬೇಕು. ಮರೆತರೆ, ನಿಂತ ಸೈಕಲ್ ಸಮೇತ ಕಡಿದ ಬಾಳೆಗಿಡದ ಹಾಗೆ ಪಕ್ಕಕ್ಕೆ ಬೀಳುತ್ತೀರಿ. ಕ್ಲಿಪ್ ಹಾಕಿಸಿದ ಪ್ರತಿಯೊಬ್ಬರೂ ಬಿದ್ದಿದ್ದೇವೆ. ಮೊದಲ ಸಲ ಬಿದ್ದವರು ಮುಂದಿನ ಭಾನುವಾರ ಎಲ್ಲರಿಗೂ ಇಡ್ಲಿ ಕೊಡಿಸಬೇಕೆಂಬುದು ನಮ್ಮ ಗುಂಪಿನ ಕಟ್ಟಳೆಯಾಗಿತ್ತು. ಅದನ್ನು ಶುರು ಮಾಡಿದವನೂ ನಾನೇ.

ನನ್ನ ಹೆಂಡತಿ ಬಸವೇಶ್ವರನಗರದ ನಮ್ಮ ಮನೆಗೆ ಹತ್ತಿರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಒಂದು ದಿನ ಬಟ್ಟೆ ಮಡಿಸುತ್ತಾ, "ರೀ, ನನಗೂ ಒಂದು ಸೈಕಲ್ ಬೇಕು" ಎಂದಳು.

"ನಿನಗ್ಯಾಕೆ? ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಇಲ್ಲ. ಸೊಪ್ಪು ತರ್ತೀನಿ, ಲೈಬ್ರರಿಗೆ ಹೋಗ್ತೀನಿ. ಸುಮ್ನೆ ಒಂದು ರೌಂಡ್ ಹೊಡೀತೀನಿ. ಹೈಸ್ಕೂಲಿಗೆ ಅಣ್ಣನ ಸೈಕಲ್ಲಲ್ಲೇ ಹೋಗ್ತಿದ್ದೆ ಅಂತ ಹೇಳಿರ್ಲಿಲ್ವಾ?"

ಹೇಳಿದ್ದಳು. ನಾನು ಮರೆತಿದ್ದೆ. "ಸೊಪ್ಪು ತರೋಕೆ ಯಾರಾದ್ರೂ ಸೈಕಲ್ ತಗೊಳ್ತಾರೇನೇ?" ಎಂದು ನಕ್ಕೆ. ಆದರೆ ಒಳಗೊಳಗೇ ಹಿಗ್ಗಿದೆ. ಇವಳನ್ನು ಬಿಡದಿಯವರೆಗೂ ಕರೆದುಕೊಂಡು ಹೋಗಬೇಕು, ಗಂಡ ಹೆಂಡತಿ ಜೊತೆಯಾಗಿ ಬಂದಿದ್ದನ್ನು ಎಲ್ಲರೂ ನೋಡಬೇಕು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಅವಳು ಜೊತೆಗಿರಲಿ ಎಂಬ ಆಸೆ ಸುಳ್ಳಾಗಿರಲಿಲ್ಲ. ಅವಳಿಗೆ ಏನು ಆಸೆಯಿತ್ತೆಂದು ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ವಿಜಯನಗರದ ಅಂಗಡಿಯಲ್ಲಿ ತಿಳಿನೀಲಿ ಬಣ್ಣದ ಸೈಕಲ್ ಆರಿಸಿದಳು. ಅದರ ರಬ್ಬರ್ ಪೆಡಲನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, "ಇದೇ ಇರ್ಲಿ ರೀ, ಚಪ್ಪಲೀಲೇ ಹೋಗ್ಬಹುದು" ಎಂದಳು.

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಮದುವೆಯಾದಾಗಿನಿಂದ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಗ್ಯಾಸ್ ಸ್ಟೌ ತರುವಾಗ ಹೇಳಿದ್ದೆ, ಮನೆಗೆ ಬಣ್ಣ ಹೊಡೆಸುವಾಗ ಹೇಳಿದ್ದೆ. ದಿನವೂ ನಲವತ್ತು ಮಕ್ಕಳಿಗೆ ಬೀಜಗಣಿತ ಅರ್ಥವಾಗುವ ಹಾಗೆ ಹೇಳಿಕೊಡುವವಳಿಗೆ ಪೆಡಲ್ ಅರ್ಥವಾಗುವುದಿಲ್ಲವೆಂದು ಅಂಗಡಿಯವನ ಎದುರಿಗೇ ಹೇಳಿದೆ. ರಬ್ಬರ್ ಪೆಡಲ್ ತೆಗೆಸಿ ಕ್ಲಿಪ್ ಪೆಡಲ್ ಹಾಕಿಸಿದೆ. ಅವಳ ಅಳತೆಯ ಶೂ ಕೂಡ ಬಂತು. ಅವಳು ಅದನ್ನು ತಿರುಗಿಸಿ, ಅಡಿಯ ಲೋಹದ ತುಂಡನ್ನು ನೋಡಿ, ಡಬ್ಬಿಯೊಳಗಿಟ್ಟಳು.

ಮನೆಗೆ ಬಂದ ಮೇಲೆ ಸ್ಪ್ರಿಂಗಿನ ಬಿಗಿಯನ್ನು ಸರಿಮಾಡಲು ಕೂತೆ. ಹೊಸಬರಿಗೆ ಸಡಿಲವಿರಬೇಕು. ಆದರೆ ಎರಡನ್ನೂ ಸಡಿಲ ಮಾಡಿದರೆ ಏರಿನಲ್ಲಿ ಕಾಲು ಕಿತ್ತು ಬರುತ್ತದೆ ಎಂಬುದು ನನ್ನ ಸಿದ್ಧಾಂತ. ನಿಲ್ಲುವಾಗ ನಾನು ಯಾವಾಗಲೂ ಬಲಗಾಲನ್ನೇ ನೆಲಕ್ಕೆ ಊರುವವನು. ಹಾಗಾಗಿ ಬಲಗಡೆಯದನ್ನು ಮಾತ್ರ ಪೂರ್ತಿ ಸಡಿಲ ಮಾಡಿದೆ, ಎಡಗಡೆಯದನ್ನು ಬಿಗಿಯಾಗಿಯೇ ಬಿಟ್ಟೆ. "ನಿಲ್ಲೋ ಮುಂಚೆ ಬಲಗಾಲು ಬಿಡಿಸ್ಕೊ, ಒಂದು ಸಾಕು" ಎಂದು ಪಾಠ ಹೇಳಿದೆ. ಮನೆ ಮುಂದೆ, ಬಲಗೈಯಲ್ಲಿ ಗೇಟು ಹಿಡಿದುಕೊಂಡು ಒಂದು ವಾರ ಅಭ್ಯಾಸ ಮಾಡಿದಳು. ಒಂದು ಸಲವೂ ತಪ್ಪಲಿಲ್ಲ. ಭೇಷ್ ಎಂದೆ.

ಅವಳು ಇಪ್ಪತ್ತೆರಡು ವರ್ಷ ನನ್ನ ಸ್ಕೂಟರಿನ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತವಳು. ಶಾಲೆಯ ಮುಂದೆ, ಮಾರ್ಕೆಟ್ಟಿನ ಮುಂದೆ, ಮದುವೆ ಛತ್ರಗಳ ಮುಂದೆ ಸಾವಿರಾರು ಸಲ ಇಳಿದಿದ್ದಾಳೆ, ಪ್ರತಿ ಸಲವೂ ಎಡಕ್ಕೆ. ಗಾಡಿ ನಿಂತರೆ ಅವಳ ಮೈ ಎಡಕ್ಕೇ ವಾಲುತ್ತದೆ. ಮುಂದೆ ಕೂತು ಗಾಡಿ ಓಡಿಸುತ್ತಿದ್ದ ನನಗೆ ಅದು ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಮಾಗಡಿ ರಸ್ತೆಯ ಸಿಗ್ನಲ್ ಕೆಂಪಾಯಿತು. ನಾನು ಮುಂದೆ ನಿಂತು ಬಲಗಾಲೂರಿ ತಿರುಗಿ ನೋಡಿದೆ. ಅವಳು ನಿಧಾನವಾಗಿಯೇ ಬಂದಳು, ಬ್ರೇಕ್ ಸರಿಯಾಗಿಯೇ ಹಿಡಿದಳು. ಆಮೇಲೆ ಎಡಕ್ಕೆ ವಾಲಿದಳು. ಕಾಲು ಬಿಡಿಸಿಕೊಳ್ಳಲು ಎಳೆದದ್ದು ನನಗೆ ಕಂಡಿತು. ಪೆಡಲ್ ಬಿಡಲಿಲ್ಲ. ಫುಟ್‌ಪಾತಿನ ಕಲ್ಲಿನ ಮೇಲೆ ಕೈಯೂರಿ ಬಿದ್ದಳು. ಬಿದ್ದ ಮೇಲೂ ಎರಡೂ ಪಾದ ಪೆಡಲಿಗೇ ಕಚ್ಚಿಕೊಂಡಿದ್ದವು. ಎದ್ದೇಳಲಾಗದೆ, ಚೂಡಿದಾರ್ ತೊಟ್ಟಿದ್ದರೂ ಅಭ್ಯಾಸಬಲದಿಂದ ಸೆರಗು ಹುಡುಕುತ್ತಾ ರಸ್ತೆಯ ಮೇಲೆ ಮಲಗಿದ್ದಳು.

ಪಕ್ಕದ ಆಟೋದವರು ಇಳಿದು ಬಂದು ಅವಳ ಪಾದ ಬಿಡಿಸಲು ಹೋಗಿ, ಬಿಡಿಸಲಾಗದೆ ನನ್ನನ್ನು ನೋಡಿದರು. "ಏನ್ ಸಾರ್ ಇದು, ಕಾಲು ಕಟ್ಟಾಕಿ ಓಡಿಸ್ತಾ ಇದೀರಾ ಅವರನ್ನ?"

ನನಗೆ ರೇಗಿತು. "ಅದು ಹಾಗೇ ಕಣ್ರೀ ಇರೋದು, ನಿಮಗೆ ಗೊತ್ತಿಲ್ಲ" ಎಂದೆ. ಹೆಂಡತಿ ರಸ್ತೆಯಲ್ಲಿ ಬಿದ್ದಿರುವಾಗ ಪೆಡಲಿನ ಪರ ವಾದ ಮಾಡಿದ ಗಂಡ ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು.

ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವ ಹೊತ್ತಿಗೆ ಗುಂಪಿನವರಿಗೆಲ್ಲ ಸುದ್ದಿ ತಿಳಿದು, ಒಬ್ಬರು ಫೋನಿಗೆ ಸಂದೇಶ ಕಳಿಸಿದ್ದರು: "ಮೇಡಂ ಇಡ್ಲಿ ಯಾವಾಗ?" ನಾನು ನಕ್ಕೆ. ಅವಳಿಗೂ ಓದಿ ಹೇಳಿದೆ. ಎಲ್ಲರೂ ಮೂರು ಸಲ ಬೀಳ್ತಾರೆ, ನಿಂದು ಇನ್ನೂ ಎರಡು ಬಾಕಿ ಎಂದೂ ಸೇರಿಸಿದೆ. ಅವಳು ನಗಲಿಲ್ಲ. "ನನಗೆ ಸೈಕಲ್ ಬೇಡ ರೀ. ಆಸೆ ಹೋಯ್ತು" ಎಂದಳು. ನನಗೆ ಕೋಪ ಬಂತು. ಪುಕ್ಕಲಿ ಎಂದೆ. ಒಂದು ವಾರ ಮುಖ ಊದಿಸಿಕೊಂಡು ಓಡಾಡಿದೆ. ನೀಲಿ ಸೈಕಲ್ ಹಳೆಯ ಬೆಡ್‌ಶೀಟ್ ಹೊದ್ದು ಮೆಟ್ಟಿಲ ಕೆಳಗೆ ಸೇರಿತು.

ಕೈ ಸರಿಹೋದ ಮೇಲೆ ಅವಳು ಭಾನುವಾರ ಬೆಳಿಗ್ಗೆ ಮಲ್ಲತ್ತಹಳ್ಳಿಗೆ ಹೋಗತೊಡಗಿದಳು. ಅಲ್ಲಿ ಅವಳ ಶಾಲೆಯಲ್ಲೇ ಕೆಲಸ ಮಾಡಿ ನಿವೃತ್ತರಾದ ಧಾರವಾಡ ಕಡೆಯ ಟೀಚರ್ ಒಬ್ಬರಿದ್ದರು. ಇವಳು ಅವರನ್ನು ಅಕ್ಕ ಎನ್ನುತ್ತಿದ್ದಳು. ಅವರ ಮನೆಯಲ್ಲಿ ನಾಲ್ಕೈದು ಹೆಂಗಸರು ಸೇರಿ ವಚನ ಹಾಡುತ್ತಾರಂತೆ ಎಂದಳು. ಒಳ್ಳೆಯದಾಯಿತು, ನಾನು ಬಿಡದಿಗೆ ಹೋದಾಗ ಮನೆಯಲ್ಲಿ ಒಬ್ಬಳೇ ಇರುತ್ತಾಳೆಂಬ ಯೋಚನೆ ತಪ್ಪಿತು ಎಂದುಕೊಂಡೆ. ಬರುವಾಗ ಸೊಪ್ಪು ತರುತ್ತಿದ್ದಳು. ಭಾನುವಾರ ಮಧ್ಯಾಹ್ನದ ಸೊಪ್ಪಿನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು.

ಆಮೇಲೆ ಕ್ಯಾನ್ಸರ್ ಬಂತು. ಎಂಟು ತಿಂಗಳು. ಅದನ್ನೆಲ್ಲ ಬರೆಯುವ ಶಕ್ತಿ ನನಗಿಲ್ಲ. ಒಂದು ಸಂಜೆ ಮಾತ್ರ ಹೇಳುತ್ತೇನೆ. ದಿಂಬಿಗೊರಗಿ ಕೂತಿದ್ದಳು. ಏನಾದರೂ ಒಳ್ಳೆಯ ಮಾತಾಡಬೇಕೆನಿಸಿ, "ನೀನು ಹುಷಾರಾದ್ಮೇಲೆ ಆ ಕ್ಲಿಪ್ ತೆಗೆಸಿ ಮಾಮೂಲಿ ಪೆಡಲ್ ಹಾಕಿಸ್ತೀನಿ" ಎಂದೆ. ಅವಳ ಮುಖದಲ್ಲಿ ಒಂದು ನಗು ಮೂಡಿತು. "ರೀ, ಒಂದು ವಿಷಯ..." ಎಂದು ಶುರು ಮಾಡಿದಳು. ಅಷ್ಟರಲ್ಲಿ ನಾನು ಅಡ್ಡಬಾಯಿ ಹಾಕಿ, ಈಗ ರಬ್ಬರಿನಲ್ಲೂ ಒಳ್ಳೊಳ್ಳೆಯದು ಬಂದಿದೆ, ಅಗಲ ಇಷ್ಟಿರಬೇಕು, ಬೇರಿಂಗ್ ಇಂಥದ್ದಿರಬೇಕು ಎಂದು ವಿವರಿಸತೊಡಗಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ವಿಷಯ ಏನೆಂದು ಆಮೇಲೆ ನಾನೂ ಕೇಳಲಿಲ್ಲ.

ಅವಳು ಹೋಗಿ ವರ್ಷವಾದ ಮೇಲೆ ಬೆಡ್‌ಶೀಟ್ ತೆಗೆದೆ. ಯಾರಾದರೂ ಓಡಿಸುವವರಿಗೆ ಕೊಡೋಣ, ಅದಕ್ಕೆ ಮೊದಲು ಪೆಡಲ್ ಬದಲಿಸೋಣ ಎಂದುಕೊಂಡೆ. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯ ಪೆಡಲಿನ ತಿರುಪು ಯಾವ ಸೈಕಲ್ಲಿನಲ್ಲಾದರೂ ಉಲ್ಟಾ ಇರುತ್ತದೆ, ಬಿಚ್ಚಲು ಬೇರೆ ದಿಕ್ಕಿಗೆ ತಿರುಗಿಸಬೇಕು. ಇದನ್ನು ನೂರು ಜನಕ್ಕೆ ಹೇಳಿಕೊಟ್ಟಿದ್ದೇನೆ. ತುಕ್ಕು ಹಿಡಿದು ಅದು ಜಗ್ಗಲೇ ಇಲ್ಲ. ಎಣ್ಣೆ ಬಿಟ್ಟು, ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತಿ, ಕೊನೆಗೆ ಬಿಚ್ಚಿಕೊಂಡಾಗ ಮೆಟ್ಟಿಲ ಕೆಳಗೆ ಕೂತು ಅತ್ತೆ. ಇಷ್ಟು ಸಣ್ಣ ಕೆಲಸ. ಇದನ್ನು ಅಂಗಡಿಯಲ್ಲೇ ಮಾಡಬಾರದಿತ್ತೇ ನಾನು?

ಆ ಟೀಚರಿಗೆ ಫೋನ್ ಮಾಡಿ, ಅವರ ಕಡೆ ಯಾರಿಗಾದರೂ ಸೈಕಲ್ ಬೇಕೇ ಎಂದು ಕೇಳಿದೆ. "ಮನಿಗೆ ಬರ್ರಿ" ಎಂದರು. ರಬ್ಬರ್ ಪೆಡಲ್ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತಿದ್ದ ಆ ಪುಟ್ಟ ಸೈಕಲನ್ನು ತುಳಿಯುತ್ತಾ ಅನ್ನಪೂರ್ಣೇಶ್ವರಿ ನಗರದ ಮೂಲಕ ಮಲ್ಲತ್ತಹಳ್ಳಿ ಸೇರಿದೆ. ನಿಜ ಹೇಳಬೇಕೆಂದರೆ, ಹಾಯಾಗಿತ್ತು.

ಟೀಚರ್ ಗೇಟು ತೆಗೆದು ಸೈಕಲನ್ನು ನೋಡಿದರು. "ಇದು ಬ್ಯಾರೆದ್ದು. ನಾ ನಿಮ್ಮ ಮನಿಯವ್ರು ಓಡಸ್ತಿದ್ದ ಸೈಕಲ್ ಬಗ್ಗೆ ಕೇಳಾಕತ್ತೀರಿ ಅಂದ್ಕೊಂಡಿದ್ದೆ. ಅದು ಇಲ್ಲೇ ಐತಲ್ರಿ" ಎಂದರು.

ಯಾವ ಸೈಕಲ್ ಎಂದೆ. ಮನೆಯ ಪಕ್ಕದ ಸಂದಿಯಲ್ಲಿ, ಅವರ ಮಗಳು ಕಾಲೇಜಿಗೆ ಹೋಗುವಾಗ ಬಳಸಿದ, ಮುಂದೆ ಬುಟ್ಟಿಯಿರುವ ಹಳೆಯ ಸೈಕಲ್ ನಿಂತಿತ್ತು. ನನ್ನ ಹೆಂಡತಿ ಮೂರು ವರ್ಷ, ಭಾನುವಾರ ತಪ್ಪದೆ, ಅದನ್ನು ಓಡಿಸಿದ್ದಳಂತೆ. ಮೊದಲು ಅಲ್ಲಿನ ಕೆರೆಯ ಸುತ್ತಮುತ್ತಲಿನ ಬೀದಿಗಳೆಲ್ಲ ಒಂದು ಸುತ್ತು, ಆಮೇಲೆ ವಚನ, ಆಮೇಲೆ ಸೊಪ್ಪು. "ಎಷ್ಟ್ ಖುಷಿ ಪಡ್ತಿದ್ರು ಅವರು. ಇಳಿಜಾರು ಬಂದ್ರ ಸಣ್ಣ ಹುಡುಗಿಗತೆ ಕೂಗ್ತಿದ್ರು" ಎಂದರು ಟೀಚರ್. ಅವಳು ಕೂಗುವುದನ್ನು ನಾನು ಒಂದು ದಿನವೂ ಕೇಳಿದವನಲ್ಲ.

ನಾನು ಬಗ್ಗಿ ಪೆಡಲ್ ನೋಡಿದೆ. ನೋಡದೆ ಇರುವ ಮನುಷ್ಯ ನಾನಲ್ಲ. ಮಾಮೂಲಿ ರಬ್ಬರ್ ಪೆಡಲ್, ಅವಳಿಗೆಂದೇ ಹೊಸದಾಗಿ ಹಾಕಿಸಿದ್ದಂತೆ. ಎಡಗಡೆಯದರ ಮೇಲಿನ ಗೆರೆಗಳೆಲ್ಲ ಚಪ್ಪಲಿ ತಿಕ್ಕಿ ಸವೆದು ನುಣ್ಣಗಾಗಿದ್ದವು. ರಬ್ಬರ್ ಅಷ್ಟು ಸವೆಯಬೇಕಾದರೆ ಎಷ್ಟು ತುಳಿಯಬೇಕೆಂದು ನನಗೆ ಗೊತ್ತು.

"ನನಗ್ಯಾಕೆ ಹೇಳ್ಲಿಲ್ಲ?" ಎಂದೆ. "ನಾನೇನು ಬೇಡ ಅಂತಿದ್ನಾ?"

ಟೀಚರ್ ಬುಟ್ಟಿಯಲ್ಲಿ ಬಿದ್ದಿದ್ದ ಒಣಗಿದ ಎಲೆಗಳನ್ನು ತೆಗೆದು ಹಾಕಿದರು. ಹೇಳಲು ಅವರಿಗೆ ಮನಸ್ಸಿರಲಿಲ್ಲ. ನಾನು ಅಲ್ಲಿಂದ ಕದಲಲಿಲ್ಲ.

"ನಾನೂ ಕೇಳಿದ್ದೆ. ಬ್ಯಾಡ ಅಕ್ಕ ಅಂದ್ರು. 'ಗೊತ್ತಾದ್ರೆ ಕಲಿಸೋಕೆ ಬಂದ್ಬಿಡ್ತಾರೆ' ಅಂತ ಹೇಳಿ ನಕ್ಕುಬಿಟ್ರು."

ನಿಜ. ಬಂದುಬಿಡುತ್ತಿದ್ದೆ.