ಒಂದು ಫ್ಯಾಮಿಲಿ, ಎರಡು ಒಲೆ

ಚಿಕ್ಕಮ್ಮನಿಗೆ ಬೇರೆ ಜಮೀನು ಸಿಗದಿದ್ದುದಕ್ಕೆ ಮುಳುಗಡೆಯ ಪಟ್ಟಿ ಬರೆಯಲು ಬಂದ ಗುಮಾಸ್ತನೇ ಕಾರಣ ಎಂದು ನಮ್ಮವರೆಲ್ಲ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ದಿನ ಅವನ ಪಕ್ಕ ಕೂತಿದ್ದವನು ನಾನೇ.

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಹೊಸನಗರ ತಾಲ್ಲೂಕಿನ ನಮ್ಮ ಊರು ಮುಳುಗುವುದು ಖಚಿತವಾಗಿತ್ತು. ಪ್ರತಿ ಫ್ಯಾಮಿಲಿಗೂ ತೀರ್ಥಹಳ್ಳಿ ಕಡೆ ಜಮೀನು ಎಂಬ ಸುದ್ದಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನಿಗೂ ಅಮ್ಮನಿಗೂ ಮಾತು ನಿಂತು, ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತಿದ್ದವು. ಹಾಗಾದರೆ ನಾವು ಒಂದು ಫ್ಯಾಮಿಲಿಯೋ, ಎರಡು ಫ್ಯಾಮಿಲೀಸೋ? ಸಾಗರದಲ್ಲಿ ಚರ್ಚಾಸ್ಪರ್ಧೆ ಗೆದ್ದಿದ್ದ ನಾನು ಡಿಕ್ಷನರಿ ತೆಗೆದೆ. ತಂದೆತಾಯಿ, ಮಕ್ಕಳು ಎಂದಿತ್ತು, ಹಾಗಾದರೆ ಎರಡು. ಒಂದೇ ಮನೆಯಲ್ಲಿ ವಾಸಿಸುವವರು ಎಂದೂ ಇತ್ತು, ಹಾಗಾದರೆ ಒಂದು. ಒಂದೇ ಮೂಲಪುರುಷನ ಸಂತಾನ ಎಂದೂ ಇತ್ತು. ಹಾಗಾದರೆ ಅರ್ಧ ಊರೇ ಒಂದು! ಬಹುವಚನ ಮಾಡುವುದೇನೋ ಸುಲಭ. ಯಾವಾಗ ಮಾಡಬೇಕು ಎಂಬುದು ಡಿಕ್ಷನರಿಯಲ್ಲಿರಲಿಲ್ಲ.

ಪಕ್ಕದೂರಿನಲ್ಲಿ ಗುಮಾಸ್ತ ಒಲೆ ಎಣಿಸಿಯೇ ಫ್ಯಾಮಿಲಿ ಬರೆದನಂತೆ. ಹಿಂದಿನ ದಿನವೇ ಚಿಕ್ಕಮ್ಮನಿಗೆ ಹೇಳಿದೆ. “ನಾಳೆ ನಿಮ್ಮ ಒಲೆ ಉರೀತಾ ಇರ್ಲಿ. ನಿಮ್ಗೂ ಮಗಳಿಗೂ ಬೇರೆ ಜಮೀನಾಗ್ತದೆ.”

“ಆಯ್ತು ಮಾರಾಯ” ಎಂದರು.

ನಮ್ಮಲ್ಲೊಂದು ರೂಢಿ: ಹೊರಗಿನವರು ಊಟಕ್ಕಿದ್ದರೆ ಮನೆಯ ಒಡಕು ಕಾಣಿಸಬಾರದು, ಆ ದಿನ ಅಡುಗೆ ಒಂದೇ ಕಡೆ. ಗುಮಾಸ್ತನ ಊಟ ಅವತ್ತು ನಮ್ಮಲ್ಲೇ. ಅವನು ಬಂದಾಗ ನೋಡುತ್ತೇನೆ, ಚಿಕ್ಕಮ್ಮ ತಮ್ಮ ಒಲೆ ಸಾರಿಸಿ, ಅದರ ಮೇಲೆ ರಂಗೋಲಿ ಎಳೆದು, ಅಮ್ಮನ ಪಕ್ಕ ಕೂತು ಕಡುಬು ಕಟ್ಟುತ್ತಿದ್ದಾರೆ!

ನಾನು ಮೂರೂ ಅರ್ಥ ಬಿಡಿಸಿ ವಾದಿಸಿದೆ. ಗುಮಾಸ್ತ ಆಕಳಿಸಿದ. “ಭಾಷಣ ಸಾಕು ಮಾರಾಯಾ, ಕಡುಬು ಆರ್ತದೆ. ಅಡಿಗೆ ಒಂದಾ, ಎರಡಾ? ಅಷ್ಟು ಹೇಳು.”

ಚಿಕ್ಕಮ್ಮನ ಮುಖ ನೋಡಿದೆ. ಅವರು ಮತ್ತೊಂದು ಕಡುಬು ಕಟ್ಟತೊಡಗಿದರು.

“ಇವತ್ತು ಒಂದೇ” ಎಂದೆ. ಅವನು ‘ಇವತ್ತು’ ಬಿಟ್ಟು ಬರೆದುಕೊಂಡ. ಸುಳ್ಳು ಹೇಳಬಹುದಿತ್ತು. ಕಣ್ಣೆದುರಿನ ರಂಗೋಲಿಯನ್ನು ಹೇಗೆ ಅಲ್ಲಗಳೆಯಲಿ?

ಕೋಣಂದೂರಿನ ಹತ್ತಿರದ ಈ ಹೊಸ ಮನೆಯಲ್ಲಿ ಮತ್ತೆ ಎರಡು ಒಲೆ. ಜಮೀನು ಮಾತ್ರ ಒಂದೇ, ಅಪ್ಪನ ಹೆಸರಿನಲ್ಲಿ. ಮೇಲ್ಮನವಿ ಬರೆದಿಟ್ಟಿದ್ದೇನೆ. ಚಿಕ್ಕಮ್ಮ ಹೆಬ್ಬೆಟ್ಟು ಒತ್ತುತ್ತಿಲ್ಲ, ಬೇಡ ಎಂದೂ ಹೇಳುತ್ತಿಲ್ಲ. ನಾನು ಯಾರ ಪರ ವಾದಿಸುತ್ತಿದ್ದೇನೆಂದು ನನಗೇ ತಿಳಿಯುತ್ತಿಲ್ಲ. ನಿನ್ನೆ ಅವರು ಒಲೆ ಊದುತ್ತಿದ್ದಾಗ ಕೇಳಿಯೇಬಿಟ್ಟೆ:

“ಚಿಕ್ಕಮ್ಮಾ, ಅವತ್ತು ಒಲೆ ಆರಿಸಿದ್ದು ಬಂದವರ ಎದ್ರು ಮರ್ಯಾದೆಗಾ, ಇಲ್ಲಾ ನಮ್ಮನ್ನ ಬಿಟ್ಟು ಬೇರೆ ಹೋಗೋದು ನಿಮ್ಗೇ ಬೇಡಾಗಿತ್ತಾ?”